ಲೆಕ್ಕಕ್ಕೆ ಬಾರದ ಕಟ್ಟೆ

ಬೆಳಗಿನ ಬಿಸಿಲು ಇನ್ನೂ ಎಳೆಯದಾಗಿತ್ತು. ಶಾರವ್ವ ಹೊಸ ಮನೆಯ ಮುಂದಿನ ಕಲ್ಲುಕಟ್ಟೆಯ ಮೇಲೆ ಕುಳಿತು ಜೋಳ ಹಸನು ಮಾಡುತ್ತಿದ್ದಳು. ಪಕ್ಕದ ಮನೆಯ ನೀಲಾಬಾಯಿ ಮೆಂತ್ಯದ ಸೊಪ್ಪು ಸೋಸುತ್ತಿದ್ದಳು. ಬಾಗಲಕೋಟೆಯ ವಿದ್ಯಾಗಿರಿ ಬಡಾವಣೆಯ ಆ ಓಣಿಯಲ್ಲಿ ಎಲ್ಲ ಮನೆಗಳೂ ಗೇಟು ಹಾಕಿಕೊಂಡು ಮುಗುಮ್ಮಾಗಿ ಇರುತ್ತವೆ. ಈ ಕಟ್ಟೆ ಎದ್ದಮೇಲೆಯೇ ಅಲ್ಲಿನ ಹೆಂಗಸರಿಗೆ ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಾಗಿದ್ದು.

ಟೆಂಪೋ ಒಂದು ಬಂದು ನಿಂತಿತು. ಮನೆ ಕಟ್ಟಿಕೊಟ್ಟ ಗುತ್ತಿಗೆದಾರ ಖಾದರಬಾಷಾ ಇಳಿದ. ಹಿಂದೆಯೇ ಹಾರೆ ಹಿಡಿದ ಇಬ್ಬರು ಆಳುಗಳು ಇಳಿದರು.

"ಅಕ್ಕಾರ, ಸ್ವಲ್ಪ ಏಳ್ರಿ. ಕಟ್ಟಿ ಹಾಸಗಲ್ಲ ಒಯ್ಯಾಕ ಬಂದೇವಿ" ಎಂದ ಖಾದರಬಾಷಾ, ನೆಲ ನೋಡುತ್ತ.

"ಒಯ್ಯಾಕ? ಯಾರ ಹೇಳ್ಯಾರ?"

"ನಿಮ್ಮ ಮನಿಯವರ ನಿನ್ನೆ ಫೋನಿನ್ಯಾಗ ಅಂದ್ರು. ಕಟ್ಟಿ ರೊಕ್ಕಾ ಕೊಡಂಗಿಲ್ಲ, ಬೇಕಂದ್ರ ಕಲ್ಲ ಕಿತ್ಕೊಂಡ ಹೋಗ್ರಿ ಅಂತ."

ಶಾರವ್ವ ಏಳಲಿಲ್ಲ. ಮೊರ ಮಾತ್ರ ಕೈಯಲ್ಲಿ ನಿಂತುಹೋಯಿತು.

ಗಂಡ ಹೆಂಡತಿ ಇಬ್ಬರೂ ಮುಳುಗಡೆಯಾದ ಹಳೆಯ ಬಾಗಲಕೋಟೆಯವರು. ಅಣೆಕಟ್ಟೆಯ ಹಿನ್ನೀರು ಮನೆಯನ್ನು ನುಂಗಿದ ಮೇಲೆ ಗಂಡ ತಿಮ್ಮಣ್ಣನ ಅಂಚೆ ಕಚೇರಿಯ ನೌಕರಿಯ ಜೊತೆ ಹುನಗುಂದ, ಇಳಕಲ್ಲು ಅಂತ ಬಾಡಿಗೆ ಮನೆಗಳಲ್ಲೇ ಆಯುಷ್ಯ ಕಳೆದಿತ್ತು. ನಿವೃತ್ತಿಯ ಹಣದಲ್ಲಿ ಈ ಮನೆ ಎದ್ದಿತು. ಕಂಪೌಂಡು ಏಳುತ್ತಿದ್ದಾಗ ಶಾರವ್ವನಿಗೆ ಹಳೆಯ ಮನೆಯ ಕಟ್ಟೆ ನೆನಪಾಗಿ, ಅಂಥದ್ದೇ ಒಂದು ಕಟ್ಟಿಕೊಡಿ ಎಂದು ಕೇಳಿದ್ದಳು. ಖಾದರಬಾಷಾ ತಿಮ್ಮಣ್ಣನಿಗೆ ಫೋನು ಮಾಡಿದ. ಆತ ಉಬ್ಬಿಹೋಗಿ, "ಕಟ್ರಿ, ಕಟ್ರಿ! ಖರ್ಚಿಂದ ಆಮ್ಯಾಲ ನೋಡೋಣು" ಎಂದಿದ್ದ. ಎಷ್ಟಾಗುತ್ತದೆಂದು ಇವನು ಕೇಳಲಿಲ್ಲ, ಅವನು ಹೇಳಲಿಲ್ಲ. ಇಬ್ಬರಿಗೂ ಸಂಕೋಚ. ನಮ್ಮ ಕಡೆ ಜನ ಜಗಳವನ್ನು ಹೀಗೆ ಮರ್ಯಾದೆಯಿಂದಲೇ ಶುರು ಮಾಡುತ್ತಾರೆ.

ಕಟ್ಟೆಯ ಬಿಲ್ಲು ಕೊನೆಯ ಕಂತಾಗಿ ಬಂದಾಗ ತಿಮ್ಮಣ್ಣನ ಹುಬ್ಬು ಮೇಲೇರಿತು. ನೀಲಾಬಾಯಿಯ ಗಂಡ ಲಕ್ಷ್ಮಣ ಬೇರೆ ಕಿವಿ ಊದಿದ್ದ: "ಕೊನಿ ಕಂತ ಪೂರಾ ಕೊಡೂದು ಯಾವ ಊರ ಪದ್ಧತಿ? ಹಿಡದ ಇಟ್ಕೊ, ತಾನ ಕಡಿಮಿ ಮಾಡ್ತಾನ." ಮನೆ ಕಟ್ಟಿಸಿದವರೆಲ್ಲ ಜಾಣತನ ಎಂದು ಹೇಳಿಕೊಂಡು ತಿರುಗುವ ಮಾತು ಇದು.

ಕಟ್ಟೆಯ ಬಳಿಯ ಮಾತು ಕೇಳಿ ತಿಮ್ಮಣ್ಣ ಹೊರಗೆ ಬಂದ.

"ಕರಾರಿನ್ಯಾಗ ಕಟ್ಟಿ ಎಲ್ಲೈತಿ ತೋರಸ್ರಿ. ಅದರಾಗ ಬರದದ್ದಕ್ಕೆಲ್ಲಾ ಕೊಟ್ಟೇನಿ. ನೀವ ತಡಾ ಮಾಡಿದ್ದಕ್ಕ ಬಾಡಿಗಿ ನಾ ತುಂಬೇನಿ. ಬಚ್ಚಲ ಗ್ವಾಡಿ ಇನ್ನೂ ಹಸಿ ಹಿಡೀತೈತಿ. ಅದನ್ನೆಲ್ಲಾ ನಾ ಲೆಕ್ಕಾ ಹಾಕೇನೇನು?"

"ತಡಾ ಆಗಿದ್ದು ಖರೆರಿ. ಬಚ್ಚಲದ್ದೂ ನನ್ನ ತಪ್ಪು, ಮಾಡಿ ಕೊಡ್ತೇನಿ" ಎಂದ ಖಾದರಬಾಷಾ. "ಆದ್ರ ಕಟ್ಟಿಗಿ ಜಾಗಾ ಬೇಕಂತ ಎದ್ದ ಕಂಪೌಂಡ ಗ್ವಾಡಿ ಕೆಡವಿ ಹಿಂದಕ ಸರಿಸೇನಿ. ಇಳಕಲ್ಲಿಂದ ಕೆಂಪ ಕಲ್ಲ ತರಿಸಿ, ಕಲ್ಲ ಕಡಿಯೋರಿಗೆ ನನ್ನ ಕೈಲೆ ಕೂಲಿ ಕೊಟ್ಟೇನಿ. ಮೊದಲ ರೇಟ ಹೇಳಬೇಕಿತ್ತು, ಒಪ್ತೇನಿ. ಅಕ್ಕಾರ ಊರ ಮುಳಗಿದ್ದ ಹೇಳಕೋತ ಕಣ್ಣ ಒರಸ್ಕೊಳ್ಳೂವಾಗ ನಾ ಹ್ಯಾಂಗ ರೊಕ್ಕದ ಮಾತ ತಗೀಲ್ರಿ?"

ತಿಮ್ಮಣ್ಣ ಸೋಲಲು ಸಿದ್ಧನಿರಲಿಲ್ಲ. "ಅದೆಲ್ಲಾ ಬ್ಯಾಡ. ಕಟ್ಟಿ ಇರೂದು ಗ್ವಾಡಿ ಹೊರಗ. ಅದು ಲೆಕ್ಕಕ್ಕ ಬರಂಗಿಲ್ಲ."

ಶಾರವ್ವ ತಲೆ ಎತ್ತಿ ಗಂಡನನ್ನು ನೋಡಿದಳು.

"ಮಾವಾರಿಗೆ ಅಳತಿಯಾಂವ ಅಂದಿದ್ದೂ ಇದ ಮಾತಲ್ರಿ?"

ತಿಮ್ಮಣ್ಣನಿಗೆ ಆ ದಿನ ನೆನಪಾಯಿತು. ಊರು ಮುಳುಗುವ ಮುಂಚೆ, ಪರಿಹಾರಕ್ಕೆಂದು ಮನೆ ಅಳೆಯಲು ಒಬ್ಬಾತ ಬಂದಿದ್ದ. ಪಡಸಾಲೆ ಅಳೆದ, ಅಡುಗೆಮನೆ ಅಳೆದ, ದನದ ಕೊಟ್ಟಿಗೆಯನ್ನೂ ಅಳೆದ. ಕಟ್ಟೆಯ ಹತ್ತಿರ ಬಂದಾಗ ಟೇಪು ಸುತ್ತಿಕೊಂಡ. "ಸಾಹೇಬ್ರ, ಇದನ್ನೂ ಬರಕೋರಿ. ನಮ್ಮಪ್ಪ ಕಟ್ಟಿಸಿದ್ದು" ಎನ್ನುತ್ತ ತಿಮ್ಮಣ್ಣನ ಅಪ್ಪ ಓಣಿಯ ಕೊನೆಯವರೆಗೂ ಅವನ ಬೆನ್ನು ಹತ್ತಿದ್ದ. ಸಂತೆಗೆ ಬಂದವರು ಗಂಟು ಇಳಿಸಿದ ಕಟ್ಟೆ ಅದು. ಮೊಹರಮ್ಮಿನ ಅಲಾಯಿ ಹಬ್ಬದಲ್ಲಿ ಹೆಜ್ಜೆ ಹಾಕಿ ದಣಿದವರು ಅವ್ವನ ಕೈಯಿಂದ ನೀರು ಕುಡಿದ ಕಟ್ಟೆ. ಸಂಜೆಯಾದರೆ ಅರ್ಧ ಓಣಿ ಅಲ್ಲಿಯೇ ಇರುತ್ತಿತ್ತು. ಆ ದಿನಗಳು ಎಷ್ಟು ಚೆಂದವಿದ್ದವು! ಅದು ಗೋಡೆಯ ಹೊರಗಿದೆ, ಲೆಕ್ಕಕ್ಕೆ ಬರುವುದಿಲ್ಲ ಎಂದು ಅಳತೆಯವನು ಅಂದಾಗ ಅಪ್ಪನಿಗೆ ಹೋದದ್ದು ಹಣವಲ್ಲ. ಅಂದು ರಾತ್ರಿ ಅಪ್ಪ ಉಣ್ಣಲಿಲ್ಲ. ಆ ಅಳತೆಯವನನ್ನು ಬಾಯಿಗೆ ಬಂದಂತೆ ಬೈದವನು ಇದೇ ತಿಮ್ಮಣ್ಣ.

ಅವನಿಗೆ ನಾಚಿಕೆಯಾಯಿತು, ಹೆಂಡತಿಯ ಮುಖ ನೋಡಲಾಗದಷ್ಟು.

"ಹಾರಿ ಕೆಳಗ ಇಡ್ರಪಾ" ಎಂದು ಆಳುಗಳಿಗೆ ಹೇಳಿ ಒಳಗೆ ಹೋದ. ಬಂದಾಗ ಕೈಯಲ್ಲಿ ಚೆಕ್ಕಿತ್ತು.

ಖಾದರಬಾಷಾ ಓದಿ ನೋಡಿದ. "ಪೂರಾ ಬರದೀರಲ್ರಿ. ಬಚ್ಚಲದ್ದ ಮುಗಿಯೂತನಕ ಒಂದೀಟು ಹಿಡದ ಇಟ್ಕೊರಿ."

"ಮಾಡಿ ಕೊಡ್ತೇನಿ ಅಂದೀರಲ್ಲಾ, ಸಾಕು."

ಪಕ್ಕದ ಗೇಟಿನಿಂದ ಲಕ್ಷ್ಮಣ ಇಣುಕಿದ. "ವ್ಯವಹಾರ ಎಷ್ಟಕ್ಕ ಮುರದಿ, ತಿಮ್ಮಣ್ಣಾ?"

"ಮುರೀಲಿಲ್ಲೋ. ಅವರದ ಅವರಿಗೆ ಕೊಟ್ಟೆ."

ಲಕ್ಷ್ಮಣ ಗೇಟು ಎಳೆದುಕೊಂಡು ಒಳಗೆ ಹೋದ.

ಖಾದರಬಾಷಾ ಟೆಂಪೋ ಕಡೆ ಹೊರಟ. ತಿಮ್ಮಣ್ಣ ಅವನ ಕೈ ಹಿಡಿದು ನಿಲ್ಲಿಸಿದ.

"ಕುಂದರ್ರಿ, ಚಾ ಕುಡದ ಹೋಗೀರಂತ. ಕಟ್ಟಿ ಆದಾಗಿಂದ ನಾನೂ ಒಮ್ಮಿ ಕುಂತಿಲ್ಲ. ನಿಮ್ಮ ರೊಕ್ಕಾ ಇಟ್ಕೊಂಡು ಇದರ ಮ್ಯಾಲ ಕುಂದ್ರಾಕ ಮನಸ ಒಪ್ಪಲಿಲ್ರಿ."

ಖಾದರಬಾಷಾ ಕೈಯ ಧೂಳು ಜಾಡಿಸಿಕೊಂಡು ಕುಳಿತ. ಪಕ್ಕದಲ್ಲಿ ತಿಮ್ಮಣ್ಣ ಕುಳಿತ. ಕೆಂಪು ಕಲ್ಲು ಬಿಸಿಲಿಗೆ ಬೆಚ್ಚಗಾಗಿತ್ತು. ಶಾರವ್ವ ಆಳುಗಳನ್ನೂ ಕೂರಲು ಹೇಳಿ ಚಹಾಕ್ಕೆ ಇಡಲು ಒಳಗೆ ಹೋದಳು.