ಕೊನೆಯ ಖಾಲಿ ಚಿತ್ರ

“ಶೂ ಆಮೇಲೆ ಬಿಚ್ಚು ಪುಟ್ಟಿ. ಮೊದಲು ಇಲ್ಲಿ ಬಾ. ಬೇಗ ಬಾರೇ!”

ಬಾಗಿಲು ಇನ್ನೂ ಪೂರ್ತಿ ತೆರೆದಿರಲಿಲ್ಲ. ಕೀಲಿಕೈ ಬೀಗದಲ್ಲೇ ಇತ್ತು, ತಂಗಿಯ ಹೆಗಲ ಚೀಲ ಮೊಣಕೈವರೆಗೆ ಜಾರಿತ್ತು. ಲಕ್ವ ಹೊಡೆದ ಮೇಲೆ ಅಣ್ಣನ ಮಾತು ಬಾಯಿಯ ಒಂದು ಮಗ್ಗುಲಿನಿಂದ ತೆವಳಿಕೊಂಡು ಬರುತ್ತಿತ್ತೇ ಹೊರತು ಹೀಗೆ ಕೂಗಾಗಿ ಬಂದದ್ದೇ ಇಲ್ಲ. ಎಲ್ಲಿ ಬಿದ್ದನೋ ಎಂದು ಅವಳು ಚೀಲವನ್ನು ಹೊಸ್ತಿಲಲ್ಲೇ ಬಿಟ್ಟಳು. ಓಡಿ ಒಳಗೆ ಹೋದರೆ ಮಹಾಶಯ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕ್ಷೇಮವಾಗಿ ಕೂತಿದ್ದ. ತೊಡೆಯ ಮೇಲೆ ಕಂಪ್ಯೂಟರು, ಅರ್ಧ ಮುಖದಲ್ಲಿ ನಗು. ಉಳಿದರ್ಧ ನಗುವುದನ್ನು ಬಿಟ್ಟು ಎರಡು ವರ್ಷವಾಗಿತ್ತು.

“ಸ್ಪ್ರಿಂಗಲ್ಲಿ ಹೊಸ ನಕ್ಷತ್ರ ಬಂದಿದೆ ಕಣೇ! ನಮ್ಮ ಸ್ಪ್ರಿಂಗಲ್ಲಿ!”

ಅವಳು ಗೋಡೆಗೆ ಒರಗಿ ಉಸಿರು ಬಿಟ್ಟಳು. ಇಷ್ಟೇನಾ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡಳು.

ಸ್ಪ್ರಿಂಗ್ ಎಂದರೆ ಒಂದು ಗೆಲಾಕ್ಸಿ. ಲೆಕ್ಕವಿಲ್ಲದಷ್ಟು ನಕ್ಷತ್ರಗಳು ಸುರುಳಿ ಸುತ್ತಿಕೊಂಡು ಉತ್ತರದ ಆಕಾಶದಲ್ಲಿ ಮಸುಕಾಗಿ ಹೊಳೆಯುವ ಒಂದು ಬೆಳಕಿನ ಕಲೆ. ಗೆಲಾಕ್ಸಿಗಳ ಪೈಕಿ ಅದು ಒಳ್ಳೇ ಬೆಳಕಿನದೇ. ಆದರೂ ದೊಡ್ಡ ವಿಜ್ಞಾನಿಗಳು ಅದಕ್ಕೆ ಹೆಸರೆಂದು ಇಟ್ಟದ್ದು ಬರೀ ಒಂದು ಅಂಕೆ. ಅಣ್ಣ ವಾಚು ರಿಪೇರಿಯವನು. ಜೀವಮಾನವಿಡೀ ಕೂದಲೆಳೆಯಂಥ ಸ್ಪ್ರಿಂಗುಗಳನ್ನು ಚಿಮಟದಲ್ಲಿ ಹಿಡಿದವನ ಕಣ್ಣಿಗೆ ಅದು ಇನ್ನೇನಾಗಿ ಕಂಡೀತು? ಎಂದಾದರೊಂದು ದಿನ ಆ ಸುರುಳಿಯೊಳಗೆ ಒಂದು ನಕ್ಷತ್ರ ಸಿಡಿಯಬೇಕು, ಇಲ್ಲದ ಕಡೆ ಹೊಸ ಚುಕ್ಕೆ ಕಾಣಬೇಕು, ಅದನ್ನು ಎಲ್ಲರಿಗಿಂತ ಮೊದಲು ತಾನು ನೋಡಬೇಕು ಎಂಬ ಹುಚ್ಚು ಅವನಿಗೆ. ಅದಕ್ಕಾಗಿ ಲಕ್ವ ಹೊಡೆಯುವವರೆಗೂ ಹತ್ತು ವರ್ಷ, ಆಕಾಶ ತೆರೆದಿದ್ದ ಪ್ರತಿ ಸಂಜೆ, ತಾರಸಿಯ ತಗಡಿನ ಗೂಡಿನಿಂದ ದೂರದರ್ಶಕವನ್ನು ಹೊರಗೆಳೆದು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದಿದ್ದ. “ಮದುವೆ ಮಾಡ್ಕೊಂಡಿದ್ರೆ ಹೆಂಡ್ತಿ ಮುಖಾನ ಇದರ ಕಾಲುಭಾಗ ನೋಡ್ತಿದ್ನೋ ಇಲ್ವೋ,” ಎಂದು ಅಮ್ಮ ಇದ್ದಷ್ಟು ದಿನ ಗೊಣಗಿದ್ದಳು.

ಲಕ್ವ ಬಲಗೈಯನ್ನೂ ಬಲಗಾಲನ್ನೂ ಕಿತ್ತುಕೊಂಡಿತು. ಅಂಗಡಿ ಮುಚ್ಚಿತು. ಆಸ್ಪತ್ರೆಯಿಂದ ಮನೆಗೆ ಬಂದ ವಾರದಲ್ಲೇ ಅಣ್ಣ ಯಾರಿಗೂ ಹೇಳದೆ ತಾರಸಿ ಹತ್ತಲು ಹೋಗಿ ನಡುಮೆಟ್ಟಿಲಲ್ಲಿ ಬಿದ್ದ. ಹಣೆಯ ರಕ್ತ ಒರೆಸುತ್ತಾ ತಂಗಿ ಒಂದು ಮಾತು ಕೊಟ್ಟುಬಿಟ್ಟಳು. “ನೀನು ಮೆಟ್ಟಿಲ ಹತ್ರ ಹೋಗಬೇಡ ಮಾರಾಯ. ನಾನೇ ತೆಗೆದು ತಂದ್ಕೊಡ್ತೀನಿ. ನೀನು ಕೂತಲ್ಲೇ ನೋಡು.” ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆಗೇ ಬಂದಿದ್ದವಳು ಅವಳು, ಮನೆಯಲ್ಲಿ ಇದ್ದದ್ದು ಅವರಿಬ್ಬರೇ. ಕೊಟ್ಟ ಮಾತನ್ನು ಬೇರೆ ಯಾರಿಗೂ ದಾಟಿಸುವಂತಿರಲಿಲ್ಲ.

ಅವಳದು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ. ಬೆಳಗಿನಿಂದ ಕತ್ತಲೆ ಕೋಣೆಯಲ್ಲಿ ಕಿರಣ ತಡೆಯುವ ಭಾರದ ಸೀಸದ ಅಂಗಿ ಹೊತ್ತು, “ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಬಿಡಿ,” ಎಂದು ಹೇಳಿ ಹೇಳಿ ತಾನು ಉಸಿರು ಬಿಡುವುದನ್ನೇ ಮರೆತಂತಾಗುತ್ತಿತ್ತು. ಮುರಿದ ಸೊಂಟದ ಅಜ್ಜಿಯರನ್ನು ಎತ್ತಿ ಮಲಗಿಸಿ ಅವಳ ಸೊಂಟವೂ ಮುರಿಯುವುದರಲ್ಲಿತ್ತು. ಹಣ್ಣಾಗಿ ಮನೆಗೆ ಬಂದು ಅಣ್ಣನಿಗೆ ಸ್ನಾನ, ಊಟ, ಮಾತ್ರೆ, ಆಮೇಲೆ ತಾರಸಿ. ಯಂತ್ರದ ಕಾಲು ಸಮ ಮಾಡಿ, ಧ್ರುವನಕ್ಷತ್ರಕ್ಕೆ ಗುರಿಯಿಟ್ಟು, ಕ್ಯಾಮೆರಾ ಸಿಕ್ಕಿಸಿ, ಸ್ಪ್ರಿಂಗನ್ನು ಹುಡುಕಿ ನಿಲ್ಲಿಸಿ, ಒಂದರ ಹಿಂದೊಂದು ಚಿತ್ರ ತೆಗೆಯುತ್ತಾ ತಣ್ಣನೆ ನೆಲದ ಮೇಲೆ ಕೂತಿರಬೇಕು. ದಿನವಿಡೀ ನೋಡಿದ್ದು ಬೂದುಬಣ್ಣ, ಸಂಜೆಯೂ ಅದೇ ಬೂದುಬಣ್ಣ. ಅಣ್ಣನಿಗೆ ಅದು ಸ್ಪ್ರಿಂಗು. ಅವಳಿಗೆ ಅದು ಯಾವತ್ತೂ ವಾಸಿಯಾಗದ ಒಬ್ಬ ರೋಗಿಯ ಎದೆಯ ಚಿತ್ರ.

ಮೊನ್ನೆ ಮಂಗಳವಾರ ಅವಳು ಮೇಲೆ ಹೋಗಿರಲಿಲ್ಲ. ಅಣ್ಣನ ಕಿಟಕಿಯಲ್ಲಿ ತೆರೆದ ಆಕಾಶ ಕಾಣುತ್ತಿತ್ತು, ಹಾಗಾಗಿ ಮೋಡದ ನೆಪ ಹೇಳಲು ಬರುತ್ತಿರಲಿಲ್ಲ. ಕಂಪ್ಯೂಟರನ್ನು ಕಂಕುಳಲ್ಲಿ ಹಿಡಿದು ಮೆಟ್ಟಿಲ ತಿರುವಿನವರೆಗೆ ಹೋಗಿ, ಅಲ್ಲೇ ಕೂತು, ಗೋಡೆಗೆ ತಲೆಯಾನಿಸಿ ಒಂದು ನಿದ್ದೆ ತೆಗೆದಳು. ಎದ್ದವಳೇ ಮೂರು ವರ್ಷದ ಹಿಂದಿನ, ಅಣ್ಣನೇ ತೆಗೆದಿದ್ದ ಒಂದು ಚಿತ್ರಕ್ಕೆ ಅವತ್ತಿನ ದಿನಾಂಕ ಹಾಕಿ, ಕೆಳಗಿಳಿದು ಅವನ ತೊಡೆಯ ಮೇಲಿಟ್ಟಳು. ಹಾಗೆ ಮಾಡಿದ್ದು ಮೊದಲ ಸಲವೂ ಅಲ್ಲ. ಸ್ಪ್ರಿಂಗು ಯುಗಯುಗದಿಂದ ಒಂದೇ ಥರ ಇದೆ, ಮೂರು ವರ್ಷದಲ್ಲಿ ಏನು ಮಹಾ ಬದಲಾದೀತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು. ಅಣ್ಣ ಅದನ್ನು ಮೂಲೆ ಮೂಲೆ ಜಾಲಾಡಿ, “ಇವತ್ತೂ ಏನಿಲ್ಲ,” ಎಂದು ತೃಪ್ತಿಯಿಂದ ಮಲಗಿದ್ದ.

“ಯಾರು ನೋಡಿದ್ರಂತೆ?” ಎಂದು ಈಗ ಕೇಳಿದಳು.

“ಎಲ್ಲೋ ಸಮುದ್ರದಾಚೆ ಯಾರೋ ಇಬ್ರು. ನಿನ್ನೆ, ಬುಧವಾರ. ನಮ್ಗೆ ನಿನ್ನೆ ಮಳೆ ಹಿಡ್ಕೊಂಡಿತ್ತಲ್ಲ.”

“ಅಯ್ಯೋ. ನೀನೇ ಮೊದಲು ನೋಡಬೇಕಿತ್ತು ಅಣ್ಣ.”

“ಹೋಗ್ಲಿ ಬಿಡೇ. ಕೇಳಿಲ್ಲಿ, ಅದಕ್ಕಿಂತ ದೊಡ್ಡದು ನಮ್ಮ ಹತ್ರ ಇದೆ.” ಅಣ್ಣ ಎಡಗೈಯಲ್ಲಿ ಅವಳ ಮಣಿಕಟ್ಟು ಹಿಡಿದ. “ಮೇಷ್ಟ್ರು ಫೋನ್ ಮಾಡಿದ್ರು. ನಕ್ಷತ್ರ ಸಿಡಿದಿದ್ದು ಯಾವಾಗ ಅಂತ ಗೊತ್ತಾಗ್ಬೇಕಾದ್ರೆ, ಅದು ಇಲ್ಲದೇ ಇರೋ ಕೊನೇ ಚಿತ್ರ ಬೇಕಂತೆ. ಮಂಗಳವಾರದ್ದು ಜಗತ್ತಲ್ಲಿ ಯಾರ ಹತ್ರಾನೂ ಇಲ್ವಂತೆ. ಎಲ್ಲ ಕಡೆ ಒಂದಲ್ಲ ಒಂದು ಅಡ್ಡಿ. ನಾನು ಹೇಳ್ದೆ, ನಮ್ಮ ಹತ್ರ ಇದೆ ಮೇಷ್ಟ್ರೇ, ನಮ್ಮ ಪುಟ್ಟಿ ತೆಗ್ದಿದ್ದಾಳೆ, ಖಾಲಿ ಇದೆ ಅಂತ.”

ಮೇಷ್ಟ್ರು ಎಂದರೆ ಆಕಾಶ ನೋಡುವವರ ಕೂಟದ ಹಿರಿಯರು, ಹಿಂದೆ ಭೌತಶಾಸ್ತ್ರ ಹೇಳಿಕೊಡುತ್ತಿದ್ದವರು. ಅಣ್ಣನ ಮಾತನ್ನು ಅವರು ಮರುಪ್ರಶ್ನೆಯಿಲ್ಲದೆ ನಂಬುತ್ತಾರೆ ಎಂಬುದು ಅವನ ಬದುಕಿನ ದೊಡ್ಡ ಹೆಮ್ಮೆ.

“ಹನ್ನೆರಡು ವರ್ಷ ಏನಿಲ್ಲ, ಏನಿಲ್ಲ ಅಂತಾನೇ ಬರ್ಕೊಂಡು ಬಂದ್ನಲ್ಲ, ಎಲ್ರೂ ನಗಾಡಿದ್ರು. ಈಗ ನೋಡು, ಆ ಏನಿಲ್ಲಕ್ಕೇ ಬೆಲೆ ಬಂತು! ಈಗ ಮತ್ತೆ ಫೋನ್ ಮಾಡ್ತಾರೆ. ಅಷ್ಟರಲ್ಲಿ ಕಳಿಸೋಣ. ತೆಗೆದವಳು ನೀನು, ನೀನೇ ಒತ್ತು.”

ಪರದೆಯ ಮೇಲೆ ಸ್ಪ್ರಿಂಗು ತಣ್ಣಗೆ ಹರಡಿಕೊಂಡಿತ್ತು. ಕೆಳಗೆ ಅವಳೇ ಹಾಕಿದ ಸುಳ್ಳು ದಿನಾಂಕ. ಅವಳು ಪಕ್ಕದ ಮಂಚದ ಮೇಲೆ ಕೂತಳು.

ಕಳಿಸಿಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲವೇನೋ. ಅಥವಾ ಕಂಪ್ಯೂಟರು ಕೈಕೊಟ್ಟಿತು, ಚಿತ್ರ ಅಳಿಸಿಹೋಯಿತು ಎಂದರಾಯಿತು. ಅದೂ ಬಾಯಿಗೆ ಬಂತು. ಆದರೆ ಅಳಿಸಿಹೋದ ಚಿತ್ರಕ್ಕಾಗಿ ಅಣ್ಣ ಸಾಯುವವರೆಗೂ ಕೊರಗುತ್ತಾನೆ. ಇಲ್ಲದೇ ಇದ್ದದ್ದಕ್ಕಾಗಿ ಕೊರಗುತ್ತಾನೆ. ಕಳಿಸಿದರಂತೂ ಅವನ ಹೆಸರಿನ ಮೇಲೆ ಒಂದು ಸುಳ್ಳು ಊರೂರು ತಿರುಗುತ್ತದೆ. ಎಕ್ಸ್‌ರೇ ಕೋಣೆಯಲ್ಲಿ ಅವಳು ಎಷ್ಟೇ ಸುಸ್ತಾಗಿರಲಿ ಒಬ್ಬರ ಫಿಲ್ಮಿಗೆ ಇನ್ನೊಬ್ಬರ ಹೆಸರು ಅಂಟಿಸಿದವಳಲ್ಲ. ಹೊಸದಾಗಿ ಸೇರಿದವರಿಗೆ ಅವಳು ಮೊದಲು ಕಲಿಸುತ್ತಿದ್ದದ್ದೇ ಅದನ್ನು.

“ಅಣ್ಣ, ಅದು ಮಂಗಳವಾರದ್ದಲ್ಲ.”

“ಮಂಗಳವಾರದ್ದೇ ಕಣೇ, ದಿನಾಂಕ ನೋಡು.”

“ದಿನಾಂಕ ನಾನು ಹಾಕಿದ್ದು. ಚಿತ್ರ ನಿಂದು. ಮೂರು ವರ್ಷದ ಹಿಂದಿಂದು. ಮಂಗಳವಾರ ನಾನು ಮೇಲೆ ಹೋಗೇ ಇಲ್ಲ. ಮೆಟ್ಟಿಲಲ್ಲಿ ಕೂತು ನಿದ್ದೆ ಹೊಡೆದೆ.”

ಅಣ್ಣ ಅವಳನ್ನೂ ಪರದೆಯನ್ನೂ ನೋಡಿದ. ಮುಖದ ನಗುವ ಅರ್ಧ ಮೆಲ್ಲಗೆ ಇಳಿದು ಉಳಿದರ್ಧದ ಜೊತೆ ಸೇರಿಕೊಂಡಿತು.

“ಇದೊಂದೇನಾ?”

“ಅಲ್ಲ. ಹೋದ ತಿಂಗಳೂ ಮಾಡಿದೀನಿ. ಅದರ ಹಿಂದೇನೂ. ಯಾವ್ಯಾವುದು ಅಂತ ತೋರಿಸ್ತೀನಿ.”

“ಆಸ್ಪತ್ರೇಲೂ ಹೀಗೇನಾ? ಅವರ ಮೂಳೆ ಇವರಿಗೆ, ಇವರ ಮೂಳೆ ಅವರಿಗೆ?”

ಆ ಮಾತು ನೇರ ನಾಟಿತು. ಅವಳಿಗೆ ಅಳು ಬರಬೇಕಿತ್ತು, ಬಂದದ್ದು ಸಿಟ್ಟು. “ಆಸ್ಪತ್ರೇಲಿ ನಂಗೆ ಪಾಳಿ ಮುಗಿಯುತ್ತೆ ಅಣ್ಣ! ಇಲ್ಲಿ ಯಾವಾಗ ಮುಗಿಯುತ್ತೆ? ಸಾಕಾಗಿದೆ ನಂಗೆ. ಆ ಸ್ಪ್ರಿಂಗೂ ಸಾಕು, ಆ ಮೆಟ್ಟಿಲೂ ಸಾಕು. ಆಕಾಶ ತೆರೆದಿದ್ರೆ ಎಲ್ರೂ ಖುಷಿ ಪಡ್ತಾರೆ, ನಾನು ಮೋಡ ಬರ್ಲಿ ಅಂತ ಕಾಯ್ತೀನಿ.”

“ಸುಸ್ತು ಅಂತ ಒಂದು ಮಾತು ಹೇಳೋಕೇನಾಗಿತ್ತು?”

“ಹೇಳಿದ್ರೆ ನೀನು ಮತ್ತೆ ಮೆಟ್ಟಿಲು ಹತ್ತೋಕೆ ಹೋಗ್ತಿದ್ದೆ.”

ಹೋಗುತ್ತಿದ್ದ ಎಂಬುದು ಇಬ್ಬರಿಗೂ ಗೊತ್ತಿತ್ತು. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಅವಳು ಎತ್ತಲು ಕೈ ಚಾಚಿದಳು. ಅವನು ಅದನ್ನು ತನ್ನ ಕಡೆ ಎಳೆದುಕೊಂಡು ಎಡ ಹೆಬ್ಬೆರಳಿನಿಂದ ಒತ್ತಿ ತೊಡೆಯ ಮೇಲಿಟ್ಟುಕೊಂಡ. ಮೇಷ್ಟ್ರ ದನಿ ಕೋಣೆಯ ತುಂಬ ಕೇಳಿಸಿತು.

“ಏನು ಸ್ವಾಮಿ, ಕಳಿಸಿದ್ರಾ? ಇಲ್ಲಿ ಎಲ್ರೂ ಕಾಯ್ತಿದ್ದಾರೆ.”

“ಮೇಷ್ಟ್ರೇ, ಆ ಚಿತ್ರ ಇಲ್ಲ. ಮಂಗಳವಾರ ನಾವು ನೋಡಿಲ್ಲ.”

“ಹಾಗಂದ್ರೆ? ಆಗ್ಲೇ ಇದೆ ಅಂದ್ರಲ್ಲ.”

“ಅದು ಹಳೇದು. ದಿನಾಂಕ ತಪ್ಪಿದೆ. ಇನ್ನೂ ಕೆಲವು ಹಾಗೇ ಆಗಿವೆ, ಯಾವ್ಯಾವುದು ಅಂತ ತಿಳಿಸ್ತೀನಿ. ಈ ಎರಡು ವರ್ಷದಲ್ಲಿ ನಾನು ಕಳಿಸಿದ್ದನ್ನ ಅಲ್ಲೀವರೆಗೆ ಲೆಕ್ಕಕ್ಕೆ ತಗೋಬೇಡಿ.” ಒಂದೊಂದು ಶಬ್ದವನ್ನೂ ನಾಲಿಗೆ ಕಷ್ಟಪಟ್ಟು ಹೊರಗೆ ತಳ್ಳುತ್ತಿತ್ತು. ಅವನು ಯಾವುದನ್ನೂ ನುಂಗಲಿಲ್ಲ.

“ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ವಲ್ಲ ಸ್ವಾಮಿ,” ಎಂದರು ಮೇಷ್ಟ್ರು. ಮೊದಲಿನ ಸಲಿಗೆ ದನಿಯಿಂದ ಒಂದಿಷ್ಟು ಇಳಿದಿತ್ತು. “ಇರಲಿ. ಇವತ್ತಾದ್ರೂ ಬಿಡಬೇಡಿ. ಆ ನಕ್ಷತ್ರದ ಬೆಳಕು ಇನ್ನೂ ಏರ್ತಾ ಇದೆ. ಏರೋವಾಗಿನ ಚಿತ್ರ ಆಮೇಲೆ ಬೇಕಂದ್ರೂ ಸಿಗಲ್ಲ. ನಾಳೆಯಿಂದ ಮತ್ತೆ ಮಳೆ ಅಂತಿದ್ದಾರೆ.”

ಫೋನು ಆರಿತು. ಅಣ್ಣ ಕಂಪ್ಯೂಟರಿನ ಮೇಲೆ ಬಗ್ಗಿ ಒಂದೇ ಬೆರಳಿನಿಂದ ಆ ದಿನಾಂಕವನ್ನು ಅಕ್ಷರ ಅಕ್ಷರವಾಗಿ ಅಳಿಸತೊಡಗಿದ. ಅವಳು ಸಹಾಯಕ್ಕೆ ಬಗ್ಗಿದರೆ ಮೊಣಕೈ ಅಡ್ಡ ಹಿಡಿದ. ಅವನ ಕಣ್ಣಂಚು ಒದ್ದೆಯಾಗಿತ್ತು. ಲಕ್ವ ಹೊಡೆದ ಕಣ್ಣು ಸುಮ್ಮನೆಯೂ ಸೋರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಸೋರುತ್ತಿದ್ದದ್ದು ಇನ್ನೊಂದು ಕಣ್ಣು. ತನ್ನನ್ನು ಬೈದು ಕೆಡವಿದ್ದರೂ ಇಷ್ಟು ನೋವಾಗುತ್ತಿರಲಿಲ್ಲ ಎನಿಸಿತು ಅವಳಿಗೆ.

“ಇವತ್ತು ತೆಗೀತೀನಿ ಅಣ್ಣ,” ಎಂದಳು. “ಈಗ್ಲೇ ಹೋಗ್ತೀನಿ. ನಿಜವಾದದ್ದು. ಬೇಕಾದ್ರೆ ಮೇಲಿಂದ ಫೋನ್ ಹಚ್ಚಿಟ್ಟೇ ತೆಗೀತೀನಿ, ನೀನು ಕೇಳಿಸ್ಕೋತಾ ಇರು.”

ಅವನು ಕಿಟಕಿಯ ಕಡೆ ನೋಡಿದ. ಆಕಾಶ ಕಪ್ಪಾಗಿತ್ತು, ನಕ್ಷತ್ರಗಳು ಒಂದೊಂದಾಗಿ ಬರುತ್ತಿದ್ದವು. “ಸ್ಪ್ರಿಂಗು ಇನ್ನೂ ಸ್ವಲ್ಪ ಮೇಲೆ ಬರ್ಲಿ,” ಎಂದಷ್ಟೇ ಹೇಳಿದ.

ಅಲ್ಲಿಯವರೆಗೆ ಎಂದು ಅವಳು ಮಂಚದ ಮೇಲೆಯೇ ಕೂತಳು. ಒಂದು ಶೂವಿನ ದಾರ ಸಡಿಲವಾಗಿತ್ತು, ಕಟ್ಟಬೇಕೆಂದು ಬಗ್ಗಿದಳು. ದಿಂಬು ಅಲ್ಲೇ ಪಕ್ಕದಲ್ಲಿತ್ತು. ಎಷ್ಟೋ ದಿನದಿಂದ ಎದೆಯ ಮೇಲೆ ಕೂತಿದ್ದ ಸೀಸದ ಅಂಗಿಯನ್ನು ಯಾರೋ ಬಿಚ್ಚಿದಂತಿತ್ತು. ಮಾತು ಆಡಿ ಮುಗಿದಿತ್ತು, ಅಣ್ಣನಿಗೆ ಸಿಟ್ಟು ಬಂದಿತ್ತು, ಇನ್ನು ಬಚ್ಚಿಡುವುದು ಏನೂ ಇರಲಿಲ್ಲ. ಒಂದೇ ಒಂದು ನಿಮಿಷ ಎಂದುಕೊಂಡು ಕಣ್ಣು ಮುಚ್ಚಿದಳು.

ಎಚ್ಚರವಾದಾಗ ಹಾಲಿನವನ ಸೈಕಲ್ಲಿನ ಗಂಟೆ ಕೇಳುತ್ತಿತ್ತು. ಅವಳು ದಡಬಡಿಸಿ ಎದ್ದು ಕೂತಳು. ಮೈಮೇಲೆ ಅಣ್ಣನ ಕಂಬಳಿ ಇತ್ತು, ವಾರೆಯಾಗಿ, ಒಂದು ತುದಿ ನೆಲಕ್ಕೆ ಎಳೆದಾಡುತ್ತಾ. ಎರಡೂ ಶೂಗಳು ಕಾಲಲ್ಲಿರಲಿಲ್ಲ. ಒಂದು ಮಂಚದ ಕೆಳಗಿತ್ತು, ಇನ್ನೊಂದು ದೂರದಲ್ಲಿ ಮಗುಚಿ ಬಿದ್ದಿತ್ತು. ಅದರ ದಾರವನ್ನು ಒಂದೇ ಕೈಯಲ್ಲಿ ಬಿಚ್ಚಲಾಗದೆ ಕಗ್ಗಂಟು ಮಾಡಿ, ಕೊನೆಗೆ ಚಿಮಟದ ತುದಿಯಿಂದ ಎಳೆದು ಸಡಿಲಿಸಿದ್ದ ಗುರುತು ಕಾಣುತ್ತಿತ್ತು.

ಅಣ್ಣ ರಾತ್ರಿ ಕೂತ ಕುರ್ಚಿಯಲ್ಲೇ ಕೂತಿದ್ದ. ಅವನಿಗೆ ಊಟವಾಗಿರಲಿಲ್ಲ. ಮಲಗಿರಲೂ ಇಲ್ಲ. ತೊಡೆಯ ಮೇಲಿನ ಕಂಪ್ಯೂಟರು ಮುಚ್ಚಿತ್ತು.

“ಅಯ್ಯೋ ದೇವರೇ, ಯಾಕಣ್ಣ ಎಬ್ಬಿಸಲಿಲ್ಲ? ಇವತ್ತಿಂದ ಮಳೆ ಅಂದ್ರಲ್ಲ ಮೇಷ್ಟ್ರು! ಒಂದು ಕೂಗು ಹಾಕೋಕೇನಾಗಿತ್ತು?”

“ಮೋಡ ಇತ್ತು,” ಎಂದ ಅಣ್ಣ. “ನೀನು ಮಲಗಿದ ಸ್ವಲ್ಪ ಹೊತ್ತಿಗೇ ಮುಚ್ಕೊಂಡ್ತು. ಬೆಳಗಿನ ತನಕ ಬಿಡಲೇ ಇಲ್ಲ.”

ಅವಳು ಅವನ ಪಕ್ಕಕ್ಕೆ ಬಂದು ನಿಂತಳು. ಕಿಟಕಿಯಾಚೆ, ಎದುರು ಮನೆಯ ನೀರಿನ ತೊಟ್ಟಿಯ ಮೇಲೆ, ಬೆಳ್ಳಿಚುಕ್ಕಿ ಇನ್ನೂ ಕಣ್ಣು ಕುಕ್ಕುವಂತೆ ಹೊಳೆಯುತ್ತಿತ್ತು. ಆಕಾಶ ಅಂಚಿನಿಂದ ಅಂಚಿನವರೆಗೆ ತೊಳೆದಿಟ್ಟಂತಿತ್ತು. ಅಣ್ಣ ಅವಳ ಕಡೆ ತಿರುಗದೆ ಅದನ್ನೇ ನೋಡುತ್ತಿದ್ದ.

“ಹೌದಾ,” ಎಂದಳು ಅವಳು, ಹಾಲು ಕಾಯಿಸಲು ಒಳಗೆ ಹೋದಳು.