ಬಂದವರ ಪಾಲು

ಮನೆಯ ಮಾಲೀಕ ವಿಶ್ವಾರಾಧ್ಯ ಚಹಾ ಕುಡಿದು ಮುಗಿಸುವ ತನಕ ಬಾಡಿಗೆಯ ಮಾತು ತೆಗೆಯಲಿಲ್ಲ. ಕಪ್ಪು ಕೆಳಗಿಟ್ಟು, ಸುಂದರಬಾಯಿ ಮುಂದೆ ಸರಿಸಿದ ಹಿತ್ತಾಳೆಯ ತಬಕದಿಂದ ಒಂದು ಎಲೆ ಎತ್ತಿಕೊಂಡು ಸುಣ್ಣ ಹಚ್ಚುತ್ತ, ಮುಂದಿನ ತಿಂಗಳಿನಿಂದ ಐದುನೂರು ಹೆಚ್ಚು ಕೊಡಬೇಕಾಗುತ್ತದೆ ಎಂದ. ಓಣಿಯಲ್ಲಿ ಉಳಿದವರು ಎಷ್ಟು ಕೊಡುತ್ತಾರೆಂಬುದನ್ನೂ ಹೇಳಿದ. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಸುಂದರಬಾಯಿ ಚೌಕಾಶಿ ಮಾಡಲಿಲ್ಲ. ತಲೆಯ ಮೇಲಿನ ಸೆರಗು ಸರಿ ಮಾಡಿಕೊಂಡು, ಆಗಲಿ ರೀ ಅಂದಳು.

ಮನೆಯೆಂದರೆ ಆಳಂದದ ಹಳೇ ಬಜಾರದ ಹಿಂದಿನ ಓಣಿಯಲ್ಲಿ ಎರಡು ಖೋಲಿ, ಹಿಂದೆ ತಗಡು ಹೊದಿಸಿದ ಅಡುಗೆಯ ಜಾಗ. ಗಂಡ ಗುರುಶಾಂತ ಅಡತಿ ಅಂಗಡಿಯಲ್ಲಿ ತೊಗರಿ ತೂಗುತ್ತಿದ್ದ. ಅವನು ತೀರಿಕೊಂಡು ಬಹಳ ವರ್ಷವಾಯಿತು. ಮಕ್ಕಳಿಲ್ಲ. ಸುಂದರಬಾಯಿ ಒಂದು ಖಾನಾವಳಿಗೆ ಜೋಳದ ರೊಟ್ಟಿ ಬಡಿದುಕೊಡುತ್ತಿದ್ದಳು. ಹಿಟ್ಟು ಅವರದು, ಕಟ್ಟಿಗೆ ಮತ್ತು ರಟ್ಟೆ ಇವಳದು. ರೊಟ್ಟಿಗಿಷ್ಟು ಎಂದು ಲೆಕ್ಕ. ಅದರ ಜೊತೆ ಸರಕಾರದಿಂದ ಬರುವ ವಿಧವಾ ಪಗಾರ.

ಅತನೂರಿನಲ್ಲಿ ಮೈದುನನ ಮಗ ಕಲ್ಯಾಣಪ್ಪ ಇದ್ದ. ಒಳ್ಳೆಯವನು. ದೊಡ್ಡವ್ವ, ಇಲ್ಲಿ ಬಂದು ಇದ್ದುಬಿಡು ಎಂದು ಬಂದಾಗಲೆಲ್ಲ ಕರೆಯುತ್ತಿದ್ದ. ಕರೆಯುವುದರಲ್ಲಿ ಕಪಟವಿರಲಿಲ್ಲ. ಆದರೆ ಇನ್ನೊಬ್ಬರ ಮನೆಯಲ್ಲಿ ಇರುವುದೆಂದರೆ ಏನೆಂದು ಸುಂದರಬಾಯಿಗೆ ಗೊತ್ತಿತ್ತು. ಅವಳ ಅತ್ತೆ ಕೊನೆಗಾಲದಲ್ಲಿ ಮಗಳ ಮನೆಯಲ್ಲಿದ್ದಳು. ಕರೆದಾಗ ಉಣ್ಣಬೇಕು, ಕರೆಯದಿದ್ದರೆ ಹಸಿವಿಲ್ಲವೆನ್ನಬೇಕು, ತನ್ನವರು ಯಾರಾದರೂ ಬಂದರೆ ಒಂದು ಕಪ್ಪು ಚಹಾ ಕೊಡಲು ಇನ್ನೊಬ್ಬರ ಮುಖ ನೋಡಬೇಕು. ಆ ಮುದುಕಿ ಹಾಗೆ ಮುಖ ನೋಡಿದ್ದನ್ನು ಸುಂದರಬಾಯಿ ಮರೆತಿರಲಿಲ್ಲ. ಆದ್ದರಿಂದ ಈ ಮನೆ ಬಿಡಬಾರದು, ಆ ಐದುನೂರನ್ನು ಹೇಗಾದರೂ ತಿಂಗಳು ತಿಂಗಳು ಹೊಂದಿಸಬೇಕು ಎಂದು ನಿಶ್ಚಯ ಮಾಡಿದಳು.

ಮಹಿಳಾ ಸಂಘದ ಕೆಲಸ ನೋಡುವ ಭಾಗ್ಯಜ್ಯೋತಿ ಎಂಬ ಹುಡುಗಿ ಓಣಿಗೆ ಬರುತ್ತಿದ್ದಳು. ಅವಳನ್ನು ಕೇಳಿದರೆ, ಒಂದು ತಿಂಗಳು ಯಾವುದಕ್ಕೆ ಎಷ್ಟು ಖರ್ಚಾಗುತ್ತದೆ ಬರೆದಿಡಿರಿ, ಆಮೇಲೆ ಕೂತು ನೋಡೋಣ ಅಂದಳು. ಸುಂದರಬಾಯಿ ಎರಡನೆಯ ಇಯತ್ತೆಗೆ ಸಾಲೆ ಬಿಟ್ಟವಳು. ಬರೆಯುವ ಗೋಜಿಗೆ ಹೋಗದೆ ಒಲೆಯ ಪಕ್ಕದ ಗೋಡೆಯ ಮೇಲೆ ಇದ್ದಿಲಿನಿಂದ ಚಿತ್ರ ತೆಗೆದಳು. ಒಂದು ಎಣ್ಣೆಯ ಬಾಟಲಿ, ಒಂದು ಕಟ್ಟಿಗೆಯ ಹೊರೆ, ಒಂದು ಗುಳಿಗೆ, ಒಂದು ವೀಳ್ಯದೆಲೆ. ಹತ್ತು ರೂಪಾಯಿ ಹೋದಾಗೊಮ್ಮೆ ಆಯಾ ಚಿತ್ರದ ಮುಂದೆ ಒಂದು ಗೆರೆ. ತಿಂಗಳು ತುಂಬಿದಾಗ ಎಲೆಯ ಮುಂದಿನ ಗೆರೆಗಳು ಒಲೆಯಿಂದ ಹೊರಟು ಕಿಟಕಿಯನ್ನು ಮುಟ್ಟಿದ್ದವು.

ಭಾಗ್ಯಜ್ಯೋತಿ ಅದನ್ನು ನೋಡಿ ನಕ್ಕಳು.

"ಇದ್ಯಾವ್ದು ಅಜ್ಜಿ, ಕಿಟಕಿ ಜಿಗದು ಓಡಿ ಹೋಗಾಕತ್ತದ?"

"ಎಲಿ, ಅಡಕಿ, ಚಹಾಪುಡಿ, ಸಕ್ರಿ. ಬಂದವರ ಪಾಲು ಅದು."

"ನಿಮ್ಮ ಹೊಟ್ಟಿಗಿಂತ ಬಂದವರ ಬಾಯಿಗೇ ಭಾಳ ಹೋಗೇದಲ್ರಿ. ಪೂರಾ ಬಿಡ್ರಿ ಅನ್ನಂಗಿಲ್ಲ. ಅರ್ಧಾ ಮಾಡ್ರಿ."

ಹುಡುಗಿ ಹೇಳಿದ್ದು ಸರಿಯೇ. ಆದರೆ ಅರ್ಧ ಮಾಡುವುದು ಹೇಗೆಂದು ಸುಂದರಬಾಯಿಗೆ ತಿಳಿಯಲಿಲ್ಲ. ಮನೆಗೆ ಬಂದು ಕೂತವರಿಗೆ, ನಿನ್ನೆ ನಿಮ್ಮದಾಯಿತು ಇವತ್ತು ಇವರದು ಎನ್ನಲಾಗುತ್ತದೆಯೆ? ಎಲೆ ಎಣಿಸಿ ಕೊಡಲಾಗುತ್ತದೆಯೆ? ಅದಕ್ಕಿಂತ ಪೂರ್ತಿ ನಿಲ್ಲಿಸುವುದೇ ಸುಲಭವೆನಿಸಿತು. ತಬಕವನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ತೊಳೆದು, ಒರೆಸಿ, ಅಟ್ಟದ ಮೇಲೆ ಇಟ್ಟಳು. ಖಾಲಿ ಡಬ್ಬಿಗಳನ್ನು ಸಾಲಾಗಿ ಹೊಂದಿಸಿ, ರೊಕ್ಕ ಕೈಗೆ ಬಂದ ದಿನವೇ ಮೊದಲು ಬಾಡಿಗೆಯ ಡಬ್ಬಿ, ಆಮೇಲೆ ಉಳಿದವು ಎಂದು ಹಾಕತೊಡಗಿದಳು. ಒಂದು ಡಬ್ಬಿಯ ರೊಕ್ಕಕ್ಕೆ ಇನ್ನೊಂದರ ಕೆಲಸ ಹೇಳಬಾರದು ಎಂದು ಭಾಗ್ಯಜ್ಯೋತಿ ಹೇಳಿದ್ದಳು. ಅದನ್ನು ಮಾತ್ರ ವ್ರತದಂತೆ ಹಿಡಿದಳು.

ಆ ಸೀಮೆಯ ಮನೆಗಳಲ್ಲಿ ತಬಕ ಮಾತಾಡುತ್ತದೆ. ಮುಂದೆ ತಂದಿಟ್ಟರೆ, ಕೂಡು, ಅವಸರ ಬೇಡ ಎಂದರ್ಥ. ಎಷ್ಟು ಹೊತ್ತಾದರೂ ಇಡದಿದ್ದರೆ, ಏಳು ಎಂದರ್ಥ. ಯಾರೂ ಇದನ್ನು ಯಾರಿಗೂ ಕಲಿಸಿಕೊಡುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ. ಸುಂದರಬಾಯಿಗೂ ಗೊತ್ತಿತ್ತು. ಗೊತ್ತಿದ್ದರೂ, ರೊಕ್ಕದ ಲೆಕ್ಕದಲ್ಲಿ ಅದು ಆಗ ನೆನಪಿಗೆ ಬರಲಿಲ್ಲ.

ಎದುರು ಮನೆಯಲ್ಲಿ ಖುರ್ಷಿದಬೇಗಂ ಇದ್ದಳು. ಕೌದಿ ಹೊಲಿಯುವ ಕೆಲಸ, ವಯಸ್ಸಿನಲ್ಲಿ ಒಂದೆರಡು ವರ್ಷ ದೊಡ್ಡವಳು. ಸುಂದರಬಾಯಿ ಮದುವೆಯಾಗಿ ಈ ಓಣಿಗೆ ಬಂದ ವರ್ಷದಿಂದ ಅವಳನ್ನು ಅಕ್ಕ ಎನ್ನುವ ಹಾಗೆ ಆಪಾ ಎಂದೇ ಕರೆಯುತ್ತಿದ್ದಳು. ಒಬ್ಬಳ ಗಂಡ ಸತ್ತಾಗ ಇನ್ನೊಬ್ಬಳು ಅಡುಗೆ ಮಾಡಿಟ್ಟವಳು, ಒಬ್ಬಳ ಮಗಳ ಬಾಣಂತನದಲ್ಲಿ ಇನ್ನೊಬ್ಬಳು ನೀರು ಕಾಸಿದವಳು. ಮಧ್ಯಾಹ್ನ ರೊಟ್ಟಿಯ ಕೆಲಸ ಮುಗಿದು ಒಲೆ ಆರುವ ಹೊತ್ತಿಗೆ ಆಪಾ ಅರ್ಧ ಹೊಲಿದ ಕೌದಿಯನ್ನು ಬಗಲಲ್ಲಿ ಹಿಡಿದು ಬರುತ್ತಿದ್ದಳು. ಎಲೆ ಹಾಕಿಕೊಂಡು ಹೊಲಿಯುತ್ತ ಕೂತರೆ ಇಬ್ಬರೂ ಮಾತಾಡಲೇಬೇಕೆಂದಿರಲಿಲ್ಲ.

ತಬಕ ಅಟ್ಟ ಸೇರಿದ ದಿನ ಸುಂದರಬಾಯಿ ತಲೆನೋವೆಂದು ಮಲಗಿದಳು. ಮರುದಿನ ಬಾಗಿಲು ಮುಚ್ಚಿಕೊಂಡು ಅಕ್ಕಿ ಆರಿಸಿದಳು. ಅದರ ಮರುದಿನ ನೆವ ಸಿಗಲಿಲ್ಲ. ಆಪಾ ಬಂದು ಕೂತಳು, ಸೂಜಿಗೆ ದಾರ ಪೋಣಿಸಿದಳು, ಒಂದು ಅಂಚು ಹೊಲಿದಳು. ಒಮ್ಮೆ ತಬಕ ಇರುತ್ತಿದ್ದ ಮೂಲೆಯ ಕಡೆ ನೋಡಿದಳು. ಸುಂದರಬಾಯಿ ತನ್ನ ಕೈಯನ್ನೇ ನೋಡುತ್ತಿದ್ದಳು. ಎಲೆ ತರಲು ರೊಕ್ಕವಿಲ್ಲ ಎಂದು ಹೇಳುವ ಬದಲು, ಕೆಳಗೆ ಬಿದ್ದಿದ್ದ ದಾರದ ಚೂರನ್ನು ಎತ್ತಿ ಕೊಟ್ಟಳು. ಆಪಾ ಕೌದಿ ಮಡಚಿ ಎದ್ದಳು. ನಾಲ್ಕೈದು ದಿನ ಹಾಗೇ ಬಂದು ಹಾಗೇ ಎದ್ದು ಹೋಗಿ, ಆಮೇಲೆ ಬರಲಿಲ್ಲ. ಉಳಿದ ಹೆಂಗಸರೂ ಒಬ್ಬೊಬ್ಬರಾಗಿ ಬರುವುದನ್ನು ನಿಲ್ಲಿಸಿದರು.

ಬಾಡಿಗೆ ಮಾತ್ರ ಒಂದು ತಿಂಗಳೂ ತಪ್ಪಲಿಲ್ಲ. ವಿಶ್ವಾರಾಧ್ಯ ಹೊಸ್ತಿಲ ಹೊರಗೇ ನಿಂತು ಎಣಿಸಿಕೊಂಡು, ನಿಮ್ಮಂಥ ಬಾಡಿಗೆದಾರರು ಸಿಗುವುದಿಲ್ಲವೆಂದು ಹೇಳಿ ಹೋಗುತ್ತಿದ್ದ. ಕಟ್ಟಿಗೆಯ ಡಬ್ಬಿಯಲ್ಲಿ ಮಳೆಗಾಲಕ್ಕೆಂದು ಸ್ವಲ್ಪ ಉಳಿಯಿತು. ಗೋಡೆಯ ಮೇಲೆ ಎಲೆಯ ಚಿತ್ರದ ಮುಂದೆ ಒಂದು ಗೆರೆಯೂ ಇರಲಿಲ್ಲ. ಮಧ್ಯಾಹ್ನದ ಹೊತ್ತು ಮಾತ್ರ ಏನು ಮಾಡಿದರೂ ಸರಿಯುತ್ತಿರಲಿಲ್ಲ. ಕಸ ಹೊಡೆದ ನೆಲವನ್ನೇ ಮತ್ತೆ ಹೊಡೆಯುತ್ತಿದ್ದಳು. ಬಾಯಿ ಬಿಟ್ಟು ಮಾತಾಡದೆ ಸಂಜೆಯಾಗಿ, ಖಾನಾವಳಿಯವನು ರೊಟ್ಟಿ ಒಯ್ಯಲು ಬಂದಾಗ ಅವಳ ದನಿ ಅವಳಿಗೇ ಬೇರೆ ಯಾರದೋ ಅನಿಸುತ್ತಿತ್ತು.

ಕಾಯಿಪಲ್ಲೆ ಮಾರುವ ಹೆಂಗಸು ಒಂದು ದಿನ ಬುಟ್ಟಿ ಇಳಿಸಿ ಬದನೆಕಾಯಿ ತೂಗುತ್ತ, ಓಣಿಯಲ್ಲಿ ಹೀಗೊಂದು ಮಾತಿದೆ ಎಂದಳು. ಸುಂದರಬಾಯಿ ಈಗ ಎದುರು ಮನೆಯವರನ್ನು ಸೇರಿಸುವುದಿಲ್ಲವಂತೆ, ಯಾವ ಧರ್ಮದವರು ಯಾರ ಹತ್ತಿರ ಕೂಡಬೇಕೆಂದು ಹೇಳಿಕೊಂಡು ತಿರುಗುವವರ ಮಾತು ಅವಳಿಗೂ ಹತ್ತಿದೆಯಂತೆ. ಖುರ್ಷಿದಬೇಗಂ ಯಾರ ಮುಂದೆಯೂ ಏನೂ ಅಂದಿಲ್ಲ, ಆದರೆ ಈ ಓಣಿಯ ನೀರಿನ ಋಣ ತೀರಿತು ಅಂತ ಮಗಳಿಗೆ ಫೋನಿನಲ್ಲಿ ಹೇಳಿದ್ದನ್ನು ತಾನು ಕೇಳಿದ್ದೇನೆ ಅಂದಳು.

ಸುಂದರಬಾಯಿಯ ಕೈಯಲ್ಲಿದ್ದ ಬದನೆಕಾಯಿ ಬುಟ್ಟಿಗೆ ಮರಳಿ ಬಿತ್ತು. ಊರಿನಲ್ಲಿ ಅಂಥ ಮಾತು ತಿರುಗುತ್ತಿದ್ದುದು ಅವಳಿಗೆ ಗೊತ್ತಿಲ್ಲದ್ದಲ್ಲ. ತನ್ನ ಖಾಲಿ ಮೂಲೆಯನ್ನು ಆ ಮಾತಿಗೆ ಯಾರಾದರೂ ಗಂಟು ಹಾಕಬಹುದೆಂದು ಮಾತ್ರ ಕನಸಿನಲ್ಲಿಯೂ ಹೊಳೆದಿರಲಿಲ್ಲ. ತಲೆ ಮೇಲೆ ಸೆರಗು ಹೊದ್ದು, ಹಿಟ್ಟಿನ ಕೈಯಲ್ಲೇ ಓಣಿ ದಾಟಿದಳು.

ಖುರ್ಷಿದಬೇಗಂ ಬಾಗಿಲು ತೆಗೆದು, ಒಂದು ಗಳಿಗೆ ನೋಡಿ, ಒಳಗೆ ಕರೆದಳು. ಮೊದಲಾದರೆ, ಬಾ ಬೇ, ಈ ತುದಿ ಹಿಡಿ ಎಂದು ಕೌದಿಯನ್ನು ಕೈಗೆ ಕೊಡುತ್ತಿದ್ದವಳು ಈಗ ಅದನ್ನು ಮಡಚಿ ಬದಿಗಿಟ್ಟು ಕುರ್ಚಿ ಹಾಕಿದಳು. ಒಳಗೆ ಹೋಗಿ ಬಸಿಯ ಮೇಲೆ ಕಪ್ಪು, ಪಕ್ಕದಲ್ಲಿ ಬಿಸ್ಕೀಟು ಇಟ್ಟು ತಂದಳು.

"ತಗೋರಿ."

"ನನಗ ತಗೋರಿ ಅಂತೀ ಏನ್, ಆಪಾ?"

ಆಪಾ ಬಸಿಯನ್ನು ಅವಳ ಮುಂದೆ ಇಟ್ಟಳು.

"ಎಲಿ ತರಾಕ ರೊಕ್ಕ ಇರಲಿಲ್ಲ. ಬಾಡಿಗಿ ಹೆಚ್ಚಾತು. ಮನಿ ಬಿಟ್ರ ಅತನೂರಿಗಿ ಹೋಗಬೇಕಿತ್ತು. ಅದಕ್ಕ ಬಂದವರ ಪಾಲು ತಗದುಬಿಟ್ಟೆ."

"ಅಷ್ಟೇ?"

"ಅಷ್ಟೇ."

ಖುರ್ಷಿದಬೇಗಂ ಎದುರಿನ ಮಂಚದ ಮೇಲೆ ನಿಧಾನವಾಗಿ ಕೂತಳು.

"ಒಂದ್ ಮಾತ ಹೇಳಿದ್ರ ನನ್ನ ಎಲಿ ನಾನೇ ಸೆರಗಿಗಿ ಕಟ್ಕೊಂಡು ಬರ್ತಿದ್ದೆ ಬೇ. ನಿನ್ನ ಎಲಿ ಅಗಿಯಾಕ ಬರ್ತಿದ್ದೆ ಅಂತ ತಿಳದೀ ಏನ್ ಇಷ್ಟ್ ವರ್ಷ?"

"ಬಂದವರಿಗಿ ಇಲ್ಲ ಅನ್ನೂದು ನನ್ನ ಬಾಯಾಗ ಬರಲಿಲ್ಲ, ಆಪಾ. ನೀನರ ಕೇಳಬೇಕಿಲ್ಲ?"

"ಹ್ಯಾಂಗ ಕೇಳ್ಲಿ? ಕೇಳಿದ ಮ್ಯಾಲ ನೀ ಹೌದು ಅಂದಿದ್ರ?"

ಚಹಾದ ಮೇಲೆ ಕೆನೆ ಕಟ್ಟಿತು. ಆಮೇಲೆ ಆಪಾ ಹೇಳಿದ್ದಿಷ್ಟು: ಅಫಜಲಪುರದ ಮಗಳು ಎಷ್ಟೋ ವರ್ಷದಿಂದ ಕರೆಯುತ್ತಿದ್ದಳು, ಇವಳು ಬರುವುದಿಲ್ಲ ಎನ್ನುತ್ತಲೇ ಬಂದಿದ್ದಳು. ಹೋದ ತಿಂಗಳು ಬರುತ್ತೇನೆ ಅಂದುಬಿಟ್ಟಳು. ಮನೆಯ ಮಾಲೀಕನಿಗೂ ಹೇಳಿಯಾಗಿದೆ, ಈ ಮನೆಗೆ ಬೇರೆಯವರು ಮುಂಗಡ ಕೊಟ್ಟಿದ್ದಾರೆ.

"ಬ್ಯಾಡ ಅಂತ ಹೇಳು ಮಗಳಿಗಿ."

"ನನ್ನ ಸಲುವಾಗಿ ಖೋಲಿ ಖಾಲಿ ಮಾಡ್ಯಾರ ಬೇ. ಮಮ್ಮಗ ಅಬ್ರಾರಂದು ಮಂಚ ಹೊರಗ ಹಾಕ್ಯಾರ. ಯಾವ ಬಾಯಿಲೆ ಬ್ಯಾಡ ಅನ್ಲಿ?"

ಶುಕ್ರವಾರ ನಮಾಜು ಮುಗಿದ ಮೇಲೆ ಸಣ್ಣ ಟೆಂಪೋ ಬಂತು. ಸಾಮಾನು ಹೆಚ್ಚಿರಲಿಲ್ಲ. ಸುಂದರಬಾಯಿ ಪಾತ್ರೆಗಳನ್ನು ಚೀಲಕ್ಕೆ ತುಂಬಿದಳು, ಅಳಿಯ ಮುಕ್ರಮ ಹೊತ್ತು ಹಾಕಿದ. ಆಪಾ ಮುಂದಿನ ಸೀಟಿನಲ್ಲಿ ಕೂತು, ಬರ್ತೇನಿ ಎಂದು ಮಾತ್ರ ಅಂದಳು. ಕೆಲವು ದಿನ ಕಳೆದು ಆ ಮನೆಗೆ ಹೊಸದಾಗಿ ಮದುವೆಯಾದ ಜೋಡಿ ಬಂತು. ಇಬ್ಬರೂ ನೌಕರಿಯವರು. ಬೆಳಿಗ್ಗೆ ಕೀಲಿ ಹಾಕಿ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದರು.

ಆ ಬೇಸಿಗೆಯಲ್ಲಿ ಖಾನಾವಳಿಯವರು ರೊಟ್ಟಿಯ ದರ ಸ್ವಲ್ಪ ಏರಿಸಿದರು. ಡಬ್ಬಿಗಳೆಲ್ಲ ತುಂಬಿದ ಮೇಲೂ ಕೈಯಲ್ಲಿ ಚೂರು ಉಳಿಯತೊಡಗಿತು. ಎಲೆ ತರಬಹುದಿತ್ತು. ತರಲಿಲ್ಲ. ಯಾರಿಗೆಂದು ತರಬೇಕು?

ಭಾಗ್ಯಜ್ಯೋತಿ ಬಂದು ಡಬ್ಬಿಗಳನ್ನು ನೋಡಿ ಸಂತೋಷಪಟ್ಟಳು. ಸಂಘದ ಸಭೆಯಲ್ಲಿ ಉಳಿದ ಹೆಂಗಸರಿಗೂ ನೀವು ಹೇಗೆ ಮಾಡಿದಿರಿ ಹೇಳಬೇಕು ಎಂದು ಒತ್ತಾಯ ಮಾಡಿದಳು. ಸುಂದರಬಾಯಿ ಆಗ ನೋಡೋಣ ಅಂದಳು. ಸಭೆಯ ದಿನ ಅವಳು ಅಲ್ಲಿಗೆ ಹೋಗಲಿಲ್ಲ. ನಸುಕಿನಲ್ಲೇ ಎದ್ದು, ಇವತ್ತು ರೊಟ್ಟಿಯಿಲ್ಲವೆಂದು ಖಾನಾವಳಿಗೆ ಹೇಳಿ ಕಳಿಸಿ, ಅಫಜಲಪುರಕ್ಕೆ ಹೋಗಲು ಬಸ್‌ಸ್ಟ್ಯಾಂಡಿಗೆ ನಡೆದಳು. ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ರೊಕ್ಕ ಬೇಡ. ಆದರೆ ಬರಿಗೈಯಲ್ಲಿ ಹೋಗಲಾಗುವುದಿಲ್ಲ. ಹುಡುಗರಿಗೆ ಖಾರ, ಬೂಂದಿ, ಆಪಾನಿಗೆ ಒಂದು ಕವಳಿ ಎಲೆ, ಅಡಕೆ. ಕೈಯಲ್ಲಿ ಉಳಿದಿದ್ದ ಚೂರು ಸಾಲದೆ, ಅದಕ್ಕೆ ಬಾಡಿಗೆಯ ಡಬ್ಬಿಯಿಂದ ತೆಗೆದಳು. ದಿನದ ಕೂಲಿಯೂ ಹೋಯಿತು.

ಆಪಾನ ಮಗಳ ಮನೆ ಮಾಳಿಗೆಯ ಮೇಲಿತ್ತು. ತುಂಬಿದ ಮನೆ. ಒಳ್ಳೆಯ ಜನ, ಊಟ ಮಾಡಿಯೇ ಹೋಗಬೇಕೆಂದರು. ಖುರ್ಷಿದಬೇಗಂಳ ಕೌದಿಯ ಗಂಟು ಮಂಚದ ಕೆಳಗಿತ್ತು. ಅಲ್ಲಿ ಹರವಿ ಕೂಡಲು ಜಾಗವಿಲ್ಲ ಎಂದಳು. ಮಕ್ಕಳು ಬರುತ್ತ ಹೋಗುತ್ತ ಇದ್ದರು, ಟೀವಿ ಹಚ್ಚಿತ್ತು. ಇಬ್ಬರೂ ಎಲೆ ಹಾಕಿಕೊಂಡು ಕೂತರು. ಆಳಂದದಲ್ಲಿ ಮಾತಿಲ್ಲದೆ ಕೂಡುತ್ತಿದ್ದುದು ಬೇರೆ, ಇಲ್ಲಿ ಮಾತಿಲ್ಲದೆ ಕೂತರೆ ಯಾರಾದರೊಬ್ಬರು ಬಂದು, ಏನು ಬೇಕು ಎಂದು ಕೇಳುತ್ತಿದ್ದರು. ಆಪಾ ಪ್ರತಿಸಲ ಏನೂ ಬೇಡ ಎನ್ನುತ್ತಿದ್ದಳು, ಹಾಗೆನ್ನುವ ಮೊದಲು ಮಗಳ ಮುಖ ನೋಡುತ್ತಿದ್ದಳು. ಸುಂದರಬಾಯಿ ಹೊತ್ತಿರುವಾಗಲೇ ಎದ್ದಳು.

ತಿಂಗಳ ಮೊದಲ ವಾರ ವಿಶ್ವಾರಾಧ್ಯ ಬಂದು ಹೊಸ್ತಿಲ ಹೊರಗೆ ನಿಂತ. ಸುಂದರಬಾಯಿ ಅವನನ್ನು ಒಳಗೆ ಕರೆದು ಕೂಡಿಸಿದಳು. ಒಂದು ತಂಬಿಗೆ ನೀರು ತಂದಿಟ್ಟಳು, ಬಾಡಿಗೆಯ ರೊಕ್ಕ ಕೈಗೆ ಕೊಟ್ಟಳು.

"ಎರಡುನೂರ ಕಮ್ಮಿ ಅದ ರೀ. ಈ ತಿಂಗಳ ನನ್ನ ಹಂತ್ಯಾಕ ಇಲ್ಲ. ಮುಂದಿನ ತಿಂಗಳ ಕೂಡ್ಸಿ ಕೊಡ್ತೇನಿ."

ವಿಶ್ವಾರಾಧ್ಯ ನೋಟುಗಳನ್ನು ಎಣಿಸದೆ ಜೇಬಿಗೆ ಹಾಕಿಕೊಂಡ.

"ಆಗ್ಲಿ ಬಿಡವ್ವ. ಅದಕ್ಕೇನದ."

"ಚಹಾನೂ ಇಲ್ಲ ರೀ ಇವತ್ತ. ಹಾಲ ಮುಗದಾವ."

"ನೀರ ಸಾಕು," ಎಂದು ಅವನು ತಂಬಿಗೆಯೆತ್ತಿ ಕುಡಿದ. ಮಳೆ ಯಾವಾಗ ಬರಬಹುದು, ತೊಗರಿಯ ಧಾರಣೆ ಏನಾಗಬಹುದು ಎಂದು ಎರಡು ಮಾತಾಡಿ, ಅವಸರವಿಲ್ಲದೆ ಎದ್ದು ಹೋದ.

ಸುಂದರಬಾಯಿ ಅಲ್ಲೇ ಕೂತಳು. ಇಲ್ಲ ಎಂದು ಹೇಳಿಯಾಗಿತ್ತು. ಅಡುಗೆಯ ಜಾಗದ ತಗಡು ಬಿಸಿಲಿಗೆ ಒಮ್ಮೆ ಟಣ್ಣೆಂದಿತು. ಇಷ್ಟೇ ಇತ್ತು ಆಪಾನಿಗೆ ಹೇಳದೆ ಉಳಿದ ಆ ಮಾತು, ಹೇಳಿದರೆ ಒಂದು ಉಸಿರೂ ಪೂರ್ತಿ ಬೇಕಾಗುತ್ತಿರಲಿಲ್ಲ. ಓಣಿಯಲ್ಲಿ ಯಾರೋ ನಡೆದು ಹೋದರು. ಅವಳು ಕತ್ತೆತ್ತಿ ನೋಡಿದಳು, ಹೆಜ್ಜೆಗಳು ನಿಲ್ಲದೆ ಮುಂದೆ ಹೋದವು.