ಏಳೂ ಅದಾವಾ?

ಬೆಳಿಗ್ಗೆ ಎದ್ದವಳೇ, ಮುಖಕ್ಕೆ ನೀರು ಹಾಕಿಕೊಳ್ಳುವ ಮೊದಲು, ಕಸ್ತೂರಮ್ಮ ಪಡಸಾಲೆಯ ಕಿಟಕಿಯ ಹತ್ತಿರ ಹೋಗಿ ಗಾಜಿನ ತೊಟ್ಟಿಯೊಳಗಿನ ಮೀನುಗಳನ್ನು ಎಣಿಸುತ್ತಿದ್ದಳು. ಒಂದು, ಎರಡು, ಮೂರು. ಏಳು ಸಿಕ್ಕಿದರೆ ಒಲೆ ಹಚ್ಚುವುದಕ್ಕೆ ಕೈಗೆ ಬಲ ಬರುತ್ತಿತ್ತು.

ಆ ಗಾಜಿನ ತೊಟ್ಟಿಯನ್ನು ಮಾಡಿದವನು ಅವಳ ಗಂಡ ವಾಮದೇವಪ್ಪ. ದಾವಣಗೆರೆಯ ಪೇಟೆಯಲ್ಲಿ ಅವನದು ದೇವರ ಪಟಗಳಿಗೆ ಕಟ್ಟು ಹಾಕುವ ಅಂಗಡಿ. ಯಾವುದೋ ದೊಡ್ಡ ಪಟಕ್ಕೆ ತರಿಸಿದ ಗಾಜು ಉಳಿದಿತ್ತು. ಅದನ್ನು ಕೊಯ್ದು, ಕಬ್ಬಿಣದ ಚೌಕಟ್ಟಿಗೆ ಕೂರಿಸಿ, ಸಂದಿಗೆಲ್ಲ ಮೇಣ ಮೆತ್ತಿದ. ಹರಿಹರದ ಹೊಳೆಯಿಂದ ಮರಳು, ನುಣ್ಣನೆಯ ಕಲ್ಲು, ನೀರುಗಿಡ ತಂದ. ಅಲ್ಲಿಯ ಅಂಬಿಗರ ಗುಡ್ಡಪ್ಪ ಬೆರಳುದ್ದದ ಏಳು ಮೀನು ಹಿಡಿದುಕೊಟ್ಟ. ಬೆಳ್ಳಿಯ ಮೈ, ಬಾಲದ ಬುಡದಲ್ಲಿ ಕಾಡಿಗೆಯ ಬೊಟ್ಟು. ಲಿಂಗವಂತರ ಮನೆಯೊಳಗೆ ಮೀನು ಬಂತೆಂದು ಪಕ್ಕದ ಮನೆಯ ಹೊನ್ನಕ್ಕ ಗೋಡೆಯಾಚೆಯಿಂದ, "ಗುರುಶಾಂತಮ್ಮಾರೆ, ಮಸಾಲಿ ಅರೆಯೋದು ಯಾವತ್ತು?" ಎಂದು ಕೇಳಿದ್ದಳು. ವಾಮದೇವಪ್ಪನ ತಾಯಿ ಗುರುಶಾಂತಮ್ಮ ಮೂರು ದಿನ ಪಡಸಾಲೆಗೆ ಕಾಲಿಡಲಿಲ್ಲ. ನಾಲ್ಕನೆಯ ದಿನ ಬಂದು, ಸ್ವಲ್ಪ ಹೊತ್ತು ನೋಡಿ, ಶಿವ ಇವಕ್ಕೂ ಉಸಿರು ಕೊಟ್ಟಿದ್ದಾನಲ್ಲ ಎಂದಷ್ಟೇ ಹೇಳಿ ಒಳಗೆ ಹೋದರು.

ಆ ವರ್ಷವೇ ವಾಮದೇವಪ್ಪನ ಕೆಮ್ಮಿನಲ್ಲಿ ರಕ್ತ ಕಾಣಿಸಿತು. ಡಾಕ್ಟರು ಕ್ಷಯವೆಂದರು. ದೂರದ ಆಸ್ಪತ್ರೆಯಲ್ಲಿ ಹತ್ತು ತಿಂಗಳಾದರೂ ಇರಬೇಕಾಗುತ್ತದೆ ಎಂದರು. ಹೊರಡುವ ದಿನ ಅವನು ಅಂಗಡಿಯ ಮಾತು ಆಡಲಿಲ್ಲ. ತೊಟ್ಟಿಯ ಗಾಜಿನ ಮೇಲೆ ಕೈಯಿಟ್ಟು, "ನಾನು ಬರೋತನಕ ಇವನ್ನ ನೋಡ್ಕ್ಯಂಡಿರು" ಎಂದ. ಆಮೇಲೆ ಬಂದ ಪ್ರತಿಯೊಂದು ಕಾರ್ಡಿನ ಕೊನೆಗೂ ಅದೇ ಒಂದು ಸಾಲು: ಏಳೂ ಅದಾವಾ?

ಅಲ್ಲಿಂದ ಅವಳ ಮನಸ್ಸಿನಲ್ಲಿ ಒಂದು ಗಂಟು ಬಿತ್ತು. ಮೀನಿಗೂ ಗಂಡನ ಎದೆಗೂ ಸಂಬಂಧವಿಲ್ಲವೆಂದು ಬುದ್ಧಿ ಹೇಳುತ್ತಿತ್ತು. ಎಣಿಸುವ ಕಣ್ಣು ಮಾತ್ರ ಬುದ್ಧಿಯ ಮಾತು ಕೇಳುತ್ತಿರಲಿಲ್ಲ.

ಮೂರನೆಯ ತಿಂಗಳು ಗಾಜಿಗೆ ತೆಳ್ಳಗೆ ಹಸಿರು ಹತ್ತಿತು. ಅವಳು ತೆಂಗಿನ ನಾರಿನಿಂದ ಉಜ್ಜಿ ತೆಗೆದಳು. ಎರಡೇ ದಿನಕ್ಕೆ ಮತ್ತೆ ಬಂತು. ಕಲ್ಲುಗಳ ಮೇಲೆ ಕೂದಲಿನಂತೆ ಪಾಚಿ ಎದ್ದು, ನೀರುಗಿಡವನ್ನು ಸುತ್ತಿಕೊಂಡಿತು. ಬಿಸಿಲು ಹೆಚ್ಚಾಯಿತೇನೋ ಎಂದು ಕಿಟಕಿಗೆ ಹಳೆಯ ಸೀರೆ ಕಟ್ಟಿದಳು. ಅರ್ಧ ನೀರು ತೆಗೆದು ಹೊಸ ನೀರು ಹಾಕಿದಳು. ಏನು ಮಾಡಿದರೂ ನೀರು ಸೊಪ್ಪು ಬಸಿದ ಕಟ್ಟಿನಂತೆ ಮಂದವಾಗುತ್ತಲೇ ಹೋಯಿತು. ಮೇಲೆ ಬಿಳಿ ನೊರೆ, ಹತ್ತಿರ ಹೋದರೆ ಹುಳಿ ವಾಸನೆ. ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆತೆರೆದು ಗಾಳಿ ಕುಡಿಯುತ್ತಿದ್ದವು. ಆ ಬಾಯಿಗಳನ್ನು ನೋಡಿದಾಗಲೆಲ್ಲ ಅವಳಿಗೆ ಗಂಡ ರಾತ್ರಿಯೆಲ್ಲ ದಿಂಬಿಗೊರಗಿ ಏದುಸಿರು ಬಿಟ್ಟದ್ದು ನೆನಪಾಗುತ್ತಿತ್ತು.

ಒಂದು ಬೆಳಿಗ್ಗೆ ಎಣಿಕೆ ಆರಕ್ಕೆ ನಿಂತಿತು. ಏಳನೆಯದು ಪಾಚಿಯ ಮೇಲೆ ಹೊಟ್ಟೆ ಮೇಲಾಗಿ ಮಲಗಿತ್ತು. ಅತ್ತೆ ಏಳುವುದರೊಳಗೆ ಅದನ್ನು ಹಿತ್ತಲಿನ ದಾಸವಾಳದ ಕುಂಡದಲ್ಲಿ ಹೂತಳು. ಗುರುಶಾಂತಮ್ಮ ದಿನವೂ ಲಿಂಗಪೂಜೆ ಮುಗಿಸಿ, ತೀರ್ಥ ತೆಗೆದುಕೊಂಡು, ಉಳಿದ ಅಭಿಷೇಕದ ನೀರನ್ನು ಯಾರೂ ತುಳಿಯಬಾರದೆಂದು ಆ ಕುಂಡಕ್ಕೇ ಹಾಕುವುದು ರೂಢಿ. ಆದರೆ ಕುಂಡದ ಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ಅದು ಕಸ್ತೂರಮ್ಮನ ಕಣ್ಣಿಗೆ ಬಿತ್ತು, ಮನಸ್ಸಿಗೆ ಬೀಳಲಿಲ್ಲ. ಅಂದೇ ಕಾರ್ಡು ಬರೆದಳು: ಏಳೂ ಕ್ಷೇಮ. ಮದುವೆಯಾದ ಮೇಲೆ ಗಂಡನಿಗೆ ಹೇಳಿದ ಮೊದಲ ಸುಳ್ಳು ಅದು.

ವಾರದೊಳಗೆ ಇನ್ನೊಂದು ಹೋಯಿತು.

ಅವಳು ತಡೆಯಲಾರದೆ ಒಂದು ಸೀಸೆಗೆ ತೊಟ್ಟಿಯ ನೀರು ತುಂಬಿಕೊಂಡು, ಹರಿಹರೇಶ್ವರನಿಗೆ ಕಾಯಿ ಒಡೆಸಿಕೊಂಡು ಬರುತ್ತೇನೆಂದು ಅತ್ತೆಗೆ ಹೇಳಿ ಬಸ್ಸು ಹತ್ತಿದಳು. ಕಾಯಿಯನ್ನೂ ಒಡೆಸಿದಳು, ಅಷ್ಟರಮಟ್ಟಿಗೆ ಅದು ಸುಳ್ಳಲ್ಲ. ಆಮೇಲೆ ಹೊಳೆಯ ದಂಡೆಗೆ ಇಳಿದು ಗುಡ್ಡಪ್ಪನನ್ನು ಕೇಳಿದಳು. ವಿಭೂತಿ ಹಚ್ಚಿದ ಹೆಂಗಸು ಮೀನು ಹಿಡಿಯುವವನನ್ನು ಹುಡುಕುವುದನ್ನು ಕಂಡು ಬಟ್ಟೆ ಒಗೆಯುತ್ತಿದ್ದವರು ಮುಖಮುಖ ನೋಡಿಕೊಂಡರು.

ತೆಪ್ಪಕ್ಕೆ ಡಾಂಬರು ಬಳಿಯುತ್ತಿದ್ದ ಗುಡ್ಡಪ್ಪ ಕೈ ಒರೆಸಿಕೊಂಡು ಸೀಸೆಯ ಬಿರಡೆ ತೆಗೆದು ಮೂಸಿದ. ಮತ್ತೊಮ್ಮೆ ಮೂಸಿದ.

"ಅಮ್ಮಾರೆ, ಇವಕ್ಕೆ ಹಾಲು ಹಾಕ್ತಿರೇನು?"

ಹಾಲು ಯಾರು ಹಾಕುತ್ತಾರೆ, ದಿನಕ್ಕೊಂದು ಚಿಟಿಕೆ ಹಿಟ್ಟು ಮಾತ್ರ ಎಂದಳು.

"ಯಾರೋ ಹಾಕ್ಯಾರೆ ಬಿಡ್ರಿ. ಮೀನೇನು ಎಳೆಗರುವೇ, ಹಾಲು ಕುಡಿಯಕೆ? ಹಾಲು ಕೊಳೆತು ಪಾಚಿಗೆ ಗೊಬ್ಬರ ಆಗೈತೆ. ಹರಿಯೋ ಹೊಳೆ ಆದ್ರೆ ಎಲ್ಲಾ ತಗಂಡು ಹೋಗ್ತೈತೆ. ನಿಂತ ನೀರು ಪಾಪ, ಕೊಟ್ಟಿದ್ದೆಲ್ಲಾ ಇಟ್ಕಂತೈತೆ."

ಹಿಂದಿರುಗುವ ಬಸ್ಸಿನಲ್ಲಿ ಒಣಗಿದ ಕುಂಡದ ಮಣ್ಣು ಅವಳ ಕಣ್ಣೆದುರು ಬಂತು. ಮಗ ಬರುವವರೆಗೂ ಲಿಂಗಕ್ಕೆ ದಿನವೂ ಹಾಲಿನ ಅಭಿಷೇಕ ಮಾಡುತ್ತೇನೆಂದು ಅತ್ತೆ ಹರಕೆ ಹೊತ್ತದ್ದೂ ನೆನಪಾಯಿತು.

ಮರುದಿನ ಅವಳು ಕೊಡ ಹಿಡಿದು ಎಂದಿನಂತೆ ಬೀದಿಯ ನಲ್ಲಿಗೆ ಹೊರಟು, ಅರ್ಧ ದಾರಿಯಿಂದ ಮರಳಿ ಬಂದಳು. ಗುರುಶಾಂತಮ್ಮ ತೊಟ್ಟಿಯ ಮುಂದೆ ನಿಂತಿದ್ದರು. ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು. ಕೈಯ ಬೆಳ್ಳಿ ಬಟ್ಟಲಿನಿಂದ ಬಿಳಿಯ ನೀರು ಎಳೆಯಾಗಿ ಹಸಿರಿನೊಳಗೆ ಇಳಿಯುತ್ತಿತ್ತು. ತುಟಿಗಳು ಪಂಚಾಕ್ಷರಿ ಜಪಿಸುತ್ತಿದ್ದವು.

ಸೊಸೆಯನ್ನು ಕಂಡು ಅವರು ಬಟ್ಟಲು ಮರೆಮಾಡಲಿಲ್ಲ. "ಐದೇ ಅದಾವೆ, ನಂಗೊತ್ತು" ಎಂದರು. "ನೀನು ಕುಂಡದಾಗ ಹೂತಿದ್ದೂ ನೋಡೀನಿ. ನನ್ನ ಮಗನ ಕೈಯಾಗ ಆದ ಮನೆ ಇದು. ಇದರಾಗಿನ ಉಸಿರು ಉಳದ್ರೆ ಅವನ ಉಸಿರು ಉಳೀತೈತೆ ಅಂತ ಹಾಕ್ತಿದ್ದೆ. ಒಂದು ಸತ್ತ ಮ್ಯಾಲೆ ಇನ್ನೊಂದಿಷ್ಟು ಹಾಲು ಜಾಸ್ತಿ ಮಾಡ್ದೆ."

ಕಸ್ತೂರಮ್ಮ ಇಷ್ಟು ದಿನ ತಾನೊಬ್ಬಳೇ ಎಣಿಸುತ್ತಿದ್ದೇನೆಂದು ತಿಳಿದಿದ್ದಳು. ಕೊಡ ಕೆಳಗಿಟ್ಟು, "ಅತ್ತೆರೇ, ಆ ಹಾಲು ಕುಂಡಕ್ಕೇ ಇರ್ಲಿ" ಎಂದಳು. ಆಮೇಲೆ ಗುಡ್ಡಪ್ಪನ ಮಾತನ್ನು, ಎಷ್ಟು ಮೆತ್ತಗೆ ಹೇಳಬಹುದೋ ಅಷ್ಟು ಮೆತ್ತಗೆ, ಹೇಳಿದಳು.

ಗುರುಶಾಂತಮ್ಮ ಕಂಬಕ್ಕೊರಗಿ ಕೂತರು. ಬಹಳ ಹೊತ್ತು ಮೀನುಗಳ ಬಾಯಿಯನ್ನೇ ನೋಡಿದರು. ಮನುಷ್ಯನ ಭಕ್ತಿಗೂ ಒಂದು ಅಳತೆ ಬೇಕು. ಶಿವನಾದರೆ ಎಷ್ಟು ಸುರಿದರೂ ತಡೆದುಕೊಳ್ಳುತ್ತಾನೆ, ಬೆರಳುದ್ದದ ಜೀವ ತಡೆಯದು.

"ಅವನಿಗೆ ಏನಂತ ಬರ್ದಿ?"

"ಏಳು ಅಂತ."

"ಸುಳ್ಳಿನ ಮ್ಯಾಲೆ ಅವನು ಹುಷಾರಾಗೋದು ಬ್ಯಾಡ. ಐದು ಅಂತ ಬರಿ. ಎರಡು ನಿಮ್ಮವ್ವನ ಕೈಯಾಗೆ ಹೋದ್ವು ಅಂತ ಬರಿ."

ಬರೆದಳು. ಅತ್ತೆ ಸೊಸೆ ಇಬ್ಬರೂ ಕೂತು ಪಾಚಿಯನ್ನು ಎಳೆಎಳೆಯಾಗಿ ಬಿಡಿಸಿ ತೆಗೆದರು. ಹಸಿರು ನೀರನ್ನು ಕುಂಡಕ್ಕೆ ಹೊತ್ತರು. ದಿನಕ್ಕೊಂದೆರಡು ಬಿಂದಿಗೆಯಂತೆ ಹೊಸ ನೀರು ತುಂಬಿದರು. ನಾಲ್ಕನೆಯ ದಿನ ಮೀನುಗಳು ಮೇಲಕ್ಕೆ ಬರುವುದನ್ನು ಬಿಟ್ಟು ಕಲ್ಲಿನ ಸಂದಿಗೆ ಇಳಿದವು. ಆದರೆ ಆಸ್ಪತ್ರೆಯಿಂದ ಉತ್ತರ ಬರಲಿಲ್ಲ. ವಾರ ಕಳೆಯಿತು, ಹತ್ತು ದಿನವಾಯಿತು. ನಿಜ ಬರೆದು ಅವನ ಎದೆಗೆ ಏಟು ಕೊಟ್ಟೆನೇ ಎಂದು ಕಸ್ತೂರಮ್ಮ ತುತ್ತು ಬಾಯಿಗಿಡದಾದಳು. ಅಂಚೆಯವನ ಸೈಕಲ್ ಗಂಟೆ ಕೇಳಿದರೆ ಇಬ್ಬರೂ ಬಾಗಿಲಿಗೆ ಬರುತ್ತಿದ್ದರು, ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಹದಿಮೂರನೆಯ ದಿನ ಕಾರ್ಡು ಬಂತು.

"ಯಾರ ಅಕ್ಷರ ಅದು?" ಎಂದರು ಓದುಬಾರದ ಗುರುಶಾಂತಮ್ಮ. ಅವರಿಗೆ ಬೇಕಾದದ್ದು ಅದೊಂದೇ.

"ಅವರದೇ, ಅತ್ತೆರೇ."

ಅಕ್ಷರ ಸ್ವಲ್ಪ ವಾಲಿತ್ತು, ಆದರೆ ಅವನದೇ. ನಡುವೆ ಜ್ವರ ಬಂದು ಬರೆಯಲಾಗಲಿಲ್ಲ, ಈಗ ಇಳಿದಿದೆ, ತೂಕ ಎರಡು ಪೌಂಡು ಏರಿದೆ ಎಂದಿತ್ತು. ಅವ್ವ ಕೊರಗಬಾರದು. ಪಾಚಿಯನ್ನು ಪೂರ್ತಿ ಕೀಳಬೇಡಿ, ಹಿಂದಿನ ಗಾಜಿನ ಮೇಲೆ ಒಂದಿಷ್ಟು ಬಿಡಿ. ಮೀನಿಗೆ ಅದೂ ಊಟವೇ. ಕೊನೆಯ ಸಾಲನ್ನು ಕಸ್ತೂರಮ್ಮ ಎರಡು ಸಲ ಓದಿದಳು: ಐದೂ ಅದಾವಾ?

ಗುರುಶಾಂತಮ್ಮ ಎದ್ದು ತೊಟ್ಟಿಯ ಹತ್ತಿರ ಹೋಗಿ, ಗಾಜಿಗೆ ಬೆರಳಿಟ್ಟು ಎಣಿಸತೊಡಗಿದರು.